ಅತ್ತೆ ಆರಿಸಿದ ಅಕ್ಕಿ

ಆ ಭಾನುವಾರ ನಮ್ಮ ಮನೆಯಲ್ಲಿ ಏನೇನು ಕೆಡಬಹುದು ಎಂಬುದನ್ನು ನಾನು ಶನಿವಾರವೇ ಯೋಚಿಸಿ ಮುಗಿಸಿದ್ದೆ. ಒಗ್ಗರಣೆ ಅರ್ಧಕ್ಕೆ ಬಂದಾಗ ಸಿಲಿಂಡರ್ ಮುಗಿಯಬಹುದಿತ್ತು. ಹೊಸದು ಹಾಕಿದರೆ ಅದು ಸೋರಬಹುದಿತ್ತು. ಕರೆಂಟು ಹೋಗಿ, ಬಳ್ಳಾರಿಯ ಬಿಸಿಲಿಗೆ, ಊಟಕ್ಕೆ ಬರಲಿದ್ದ ಬಸುರಿ ಹೆಣ್ಣುಮಗಳಿಗೆ ತಲೆ ಸುತ್ತಬಹುದಿತ್ತು. ತಲೆ ಸುತ್ತದಿದ್ದರೆ ಇಂಗಿನ ವಾಸನೆಗೆ ಹೊಟ್ಟೆ ತೊಳಸಬಹುದಿತ್ತು. ಅವರು ಬರುವ ಆಟೋ ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡು, ಅದಿರು ತುಂಬಿದ ಗೂಡ್ಸ್ ಗಾಡಿ ಮುಗಿಯುವುದನ್ನು ಕಾಯುತ್ತ ಮಧ್ಯಾಹ್ನ ಕಳೆಯಬಹುದಿತ್ತು. ಮೊಸರು ಹುಳಿಯಾಗಬಹುದಿತ್ತು, ಹುಳಿಯಾಗದೆ, ಹೆಪ್ಪೇ ಕೂಡದೆ, ಹಾಲಾಗಿಯೇ ಉಳಿದು ನಮ್ಮನ್ನು ನೋಡಿ ನಗಬಹುದಿತ್ತು. ಹೋಳಿಗೆಯ ಹೂರಣ ನೀರಾಗಬಹುದಿತ್ತು. ಇಷ್ಟನ್ನೂ ಕೇಳಿದ ನನ್ನ ಹೆಂಡತಿ, "ಭೂಕಂಪ ಒಂದು ಬಿಟ್ಟೀರಿ ನೋಡ್ರಿ" ಅಂದಳು. ಬಿಟ್ಟಿರಲಿಲ್ಲ. ಹೇಳಿರಲಿಲ್ಲ, ಅಷ್ಟೇ!

ಇದರಲ್ಲಿ ಯಾವುದೂ ಆಗಲಿಲ್ಲ. ಆದದ್ದು ಬಹಳ ಸಣ್ಣದು. ನನ್ನ ಬಾಯೊಳಗೆ ಹಿಡಿಸುವಷ್ಟು ಸಣ್ಣದು. ಅದನ್ನು ಹೇಳಬೇಕಾದರೆ ಮೊದಲು ನಮ್ಮ ಅತ್ತೆಯ ವಿಷಯ ಹೇಳಬೇಕು. ಅತ್ತೆಯ ವಿಷಯ ಹೇಳಬೇಕಾದರೆ ಅಕ್ಕಿಯ ವಿಷಯ ಹೇಳಬೇಕು.

ಅತ್ತೆ ಅಂದರೆ ನಮ್ಮ ತಂದೆಯ ಅಕ್ಕ. ಕುರುಗೋಡಿಗೆ ಕೊಟ್ಟ ಹೆಣ್ಣು. ಮಾವ ತೀರಿಕೊಂಡ ಮೇಲೆ ಬಳ್ಳಾರಿಗೆ, ನಮ್ಮ ಮನೆಗೆ ಬಂದಳು. ಬರುವಾಗ ತಂದದ್ದು ಒಂದು ಟ್ರಂಕು, ಒಂದು ದೇವರ ಪೆಟ್ಟಿಗೆ, ಒಂದು ಬಿದಿರಿನ ಮೊರ. ಈ ಲೋಕದಲ್ಲಿ ಅವಳು ನಂಬುವುದು ಎರಡನ್ನೇ ಎಂದರೆ ನೀವು ನಂಬಲಿಕ್ಕಿಲ್ಲ. ಒಂದು, ಆ ದೇವರು. ಇನ್ನೊಂದು, ಆ ಮೊರ. ದೇವರನ್ನಾದರೂ ಕೆಲವೊಮ್ಮೆ ಪರೀಕ್ಷಿಸಿದ್ದುಂಟು. ಮೊರವನ್ನು ಎಂದೂ ಇಲ್ಲ.

ಮಿಕ್ಕಿದ್ದೆಲ್ಲಕ್ಕೂ ಪರೀಕ್ಷೆ. ಹಾಲು ಬಂದರೆ ಸ್ಟೀಲ್ ತಟ್ಟೆಯನ್ನು ಓರೆಯಾಗಿ ಹಿಡಿದು ಒಂದು ಹನಿ ಬಿಡುವುದು: ಹಿಂದೆ ಬಿಳಿ ಗೆರೆ ಬಿಟ್ಟುಕೊಂಡು ನಿಧಾನ ಇಳಿದರೆ ಹಾಲು, ಸರ್ರನೆ ಜಾರಿದರೆ ಹಾಲಿನವನಿಗೆ ಮಂಗಳಾರತಿ. ಖಾರದ ಪುಡಿಗೆ ನೀರಿನ ಪರೀಕ್ಷೆ. ಇದನ್ನು ಮನೆಯಲ್ಲಿ ಮಾಡಿದರೆ ಯಾರು ಬೇಡ ಅಂದಾರು? ಅವಳು ಮಾಡುವುದು ಅಂಗಡಿಯಲ್ಲೇ! ಒಮ್ಮೆ ಅಂಗಡಿಯವನ ಹತ್ತಿರ ಕುಡಿಯುವ ನೀರು ಕೇಳಿದಳು. ಪಾಪ, ವಯಸ್ಸಾದವರು, ಬಿಸಿಲಲ್ಲಿ ಬಂದಿದ್ದಾರೆ ಎಂದು ಅವನು ಗಾಜಿನ ಲೋಟದಲ್ಲಿ ತಣ್ಣನೆಯ ನೀರು ಕೊಟ್ಟ. ಅದಕ್ಕೆ ಅವನದೇ ಖಾರದ ಪುಡಿಯನ್ನು ಒಂದು ಚಮಚ ಸುರಿದು, ಲೋಟವನ್ನು ತಕ್ಕಡಿಯ ಪಕ್ಕ ಇಟ್ಟು, ಸೆರಗು ಹೊದ್ದು ನಿಂತುಬಿಟ್ಟಳು.

"ಅಮ್ಮಾರ, ನೀವು ಕುಡೀತೀರಂತ ಕೊಟ್ಟೆ ನಾ!"

"ಕುಡೀತೀನಿ. ಇಟ್ಟಿಗಿ ಪುಡಿ ಇದ್ರ ಮೊದಲು ಕೆಳಗ ಕೂಡ್ಲಿ."

ನಾನು ಎದುರಿನ ಅಂಗಡಿಯ ಕಟ್ಟೆಯ ಮೇಲೆ, ಈ ಹೆಂಗಸು ನನಗೆ ಗೊತ್ತೇ ಇಲ್ಲ ಎಂಬಂತೆ ಬಾಳೆಹಣ್ಣಿನ ದರ ವಿಚಾರಿಸುತ್ತಿದ್ದೆ. ಈಗ ಆ ಅಂಗಡಿಯವನು ಅತ್ತೆಯನ್ನು ದೂರದಿಂದ ಕಂಡ ಕೂಡಲೇ ತಾನೇ ಲೋಟ ತುಂಬಿಸಿ ಇಡುತ್ತಾನೆ.

ಬಿಸ್ಕತ್ತಿನ ಪೊಟ್ಟಣದ ಮೇಲೆ ಬರೆದದ್ದನ್ನು ನನ್ನ ಹೆಂಡತಿ ಒಮ್ಮೆ ಓದಿ ಹೇಳಿದಳು. "ಈ ತಾರೀಖಿನೊಳಗ ತಿಂದ್ರ ಚಲೋ ಅಂತ ಅತ್ತಿ."

"ಆಮ್ಯಾಲೆ?"

"ಆಮ್ಯಾಲೆ ಅಷ್ಟು ಚಲೋ ಇರಂಗಿಲ್ಲಂತ."

ಅತ್ತೆ ಪೊಟ್ಟಣವನ್ನು ತಿರುವಿ ಮುರುವಿ ನೋಡಿದಳು. "ಇವತ್ತು ಎಷ್ಟನೇ ತಾರೀಖು ಅಂತ ಒಳಗಿದ್ದ ಬಿಸ್ಕೀಟಿಗೆ ಹ್ಯಾಂಗ ತಿಳೀತದ?"

ನಾವಿಬ್ಬರೂ ಓದಿದವರು. ತಾರೀಖನ್ನು ಇನ್ನೊಮ್ಮೆ ಓದಿದೆವು.

ಕಳೆದ ವರ್ಷ ನನ್ನ ಎಡಗಡೆಯ ಒಂದು ದವಡೆಹಲ್ಲು ಹುಳುಕಾಗಿ, ದಂತವೈದ್ಯರು ಕೊರೆದು ಸಿಮೆಂಟು ತುಂಬಿದರು. ಮನೆಗೆ ಬಂದು ಹೇಳಿದರೆ ಅತ್ತೆಯ ಮೊದಲ ಪ್ರಶ್ನೆ: "ಯಾವ ಕಂಪನಿ ಸಿಮೆಂಟು?" ಆಮೇಲೆ, "ಎರಡು ಲವಂಗ ಇಟ್ಕೊಂಡಿದ್ರ ಸಾಕಿತ್ತು. ಇನ್ನು ಗಾರೆ ಕೆಲಸದವರಿಗೆಲ್ಲ ಬಾಯಿ ತೆಗದು ಕೂಡು" ಅಂದಳು. ನಾನು ಆ ಸಿಮೆಂಟಿನ ಬಗ್ಗೆ ಒಂದು ತಿಂಗಳು ಚಿಂತೆ ಮಾಡಿ, ಆಮೇಲೆ ಬೇರೆ ಚಿಂತೆಗಳು ಬಂದದ್ದರಿಂದ ಬಿಟ್ಟೆ.

ಆದರೆ ಇವೆಲ್ಲ ಅತ್ತೆಯ ಹವ್ಯಾಸಗಳು. ಉದ್ಯೋಗವೆಂದರೆ ಅಕ್ಕಿ ಆರಿಸುವುದು. ಬೆಳಗಿನ ಪೂಜೆ ಮುಗಿದು, ಪಡಸಾಲೆಯ ಬಾಗಿಲಿಗೆ ಬೆಳಕು ಬಂದು ಬಿದ್ದ ಹೊತ್ತಿಗೆ ಅವಳು ಮೊರ ಹಿಡಿದು ಕೂತಳೆಂದರೆ ಜಿಲ್ಲಾಧಿಕಾರಿಗಳೇ ಬಂದರೂ ಏಳುವವಳಲ್ಲ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದಳು. ಮೊರವನ್ನು ಒಮ್ಮೆ ಕೊಡವಿ, ಅಕ್ಕಿಯನ್ನು ಎದುರಿಗೆ ಹರಡಿ, ಬೆರಳ ತುದಿಯಿಂದ ಒಂದು ಸಾಲು ಈಚೆ, ಒಂದು ಸಾಲು ಆಚೆ. ಸಿಕ್ಕ ಕಲ್ಲನ್ನು ಸುಮ್ಮನೆ ಎಸೆಯುತ್ತಿರಲಿಲ್ಲ, ಅದಕ್ಕೊಂದು ಮಾತು. "ಇದು ರಾರಾವಿ ಕಡೀದು. ಹೊಳಿ ಕಲ್ಲು, ನುಣ್ಣಗದ." "ಇದು ಸಂಗನಕಲ್ಲಿಂದು. ಭಾಳ ಹಳೇದು." ಸುಳ್ಳೋ ನಿಜವೋ ಯಾರಿಗೆ ಗೊತ್ತು? ಕಲ್ಲಂತೂ ಎದುರು ಮಾತಾಡುತ್ತಿರಲಿಲ್ಲ. ನಮ್ಮ ಮನೆಯ ಅನ್ನದಲ್ಲಿ ಯಾರ ಹಲ್ಲಿಗೂ ಕಲ್ಲು ಸಿಕ್ಕಿದ್ದಿಲ್ಲ ಎಂಬುದು ಅವಳ ಒಂದೇ ಆಸ್ತಿ. ಬಂದವರಿಗೆಲ್ಲ ಅದನ್ನು ಹೇಳುತ್ತಿದ್ದಳು. ಎರಡನೇ ಸಲ ಬಂದವರಿಗೂ ಹೇಳುತ್ತಿದ್ದಳು.

ಈ ಆಸ್ತಿಗೆ ಕೈ ಹಾಕಿದವನು ನಾನೇ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ನನ್ನ ಶಾಲೆಯ ಗೆಳೆಯ ವೀರೇಶ ಸೂಪರ್‌ವೈಸರ್. ಅವನ ಮಾತು ಕೇಳಿ ಅಲ್ಲಿಂದ ಒಂದು ಚೀಲ ಸೋನಾ ಮಸೂರಿ ತಂದೆ. ಅತ್ತೆ ಮೊರಕ್ಕೆ ಸುರಿದಳು. ಕೊಡವಿದಳು. ಹರಡಿದಳು. ಈ ಕಡೆಯಿಂದ ಆ ಕಡೆಗೆ ಹೋದಳು. ಆ ಕಡೆಯಿಂದ ಈ ಕಡೆಗೆ ಬಂದಳು. ಕಲ್ಲಿಲ್ಲ, ಕರಿ ಕಾಳಿಲ್ಲ, ಹೊಟ್ಟಿಲ್ಲ, ಹುಳ ಇಲ್ಲ. ಮರುದಿನವೂ ಇಲ್ಲ. ಅದರ ಮರುದಿನ ನನ್ನನ್ನು ಕರೆದಳು.

"ಇದರಾಗ ಏನೂ ಇಲ್ಲಲ್ಲೋ!"

"ಅಕ್ಕಿ ಅದ ಅಲ್ಲ ಅತ್ತಿ?"

"ಅಕ್ಕಿ ಬಿಟ್ಟು ಏನೂ ಇಲ್ಲಂದೆ. ಇದೇನು ಅಕ್ಕಿ ಮೋಸ?"

ಮೋಸ ಎಲ್ಲಿದೆ ಎಂದು ಕಣ್ಣಾರೆ ನೋಡಲೇಬೇಕು ಎಂದು ಹಟ ಹಿಡಿದಳು. ಒಂದು ರಜೆಯ ದಿನ ಬಸ್ಸು ಹತ್ತಿಸಿ ಸಿರುಗುಪ್ಪಕ್ಕೆ ಕರೆದುಕೊಂಡು ಹೋದೆ. ವೀರೇಶ ಬಾಗಿಲಿಗೇ ಬಂದು ಕೈ ಮುಗಿದ. "ಬರ್ರಿ ಅಮ್ಮಾರ, ನಮ್ಮ ಮಷೀನು ನೋಡಾಕ ಮಂತ್ರಿಗಳು ಬಂದಂಗಾತು!" ಕಲ್ಲು ಬೇರ್ಪಡಿಸುವ ಯಂತ್ರ ತೋರಿಸಿದ, ಅದು ಅಲುಗಾಡುತ್ತ ಭಾರದ ಕಲ್ಲುಗಳನ್ನು ಒಂದು ಕಡೆಗೆ ಹತ್ತಿಸುತ್ತಿತ್ತು. ಅದು ಅತ್ತೆಗೆ ಅರ್ಥವಾಯಿತು, ಅಂಥ ದೊಡ್ಡ ವಿಷಯ ಅನ್ನಿಸಲಿಲ್ಲ. "ಮೊರಾನೇ. ಕರೆಂಟು ಹಾಕ್ಯಾರ." ಅದರಾಚೆ ಬಣ್ಣ ನೋಡಿ ಆರಿಸುವ ಯಂತ್ರವಿತ್ತು. ಅಕ್ಕಿ ಜಲಪಾತದ ಹಾಗೆ ಸುರಿಯುತ್ತಿತ್ತು. ಒಳಗೆ ಕ್ಯಾಮೆರಾಗಳು ಒಂದೊಂದು ಕಾಳನ್ನೂ ನೋಡುತ್ತಿದ್ದವು. ಕಪ್ಪೋ ಹಳದಿಯೋ ಕಂಡ ಕೂಡಲೇ ಗಾಳಿಯ ಒಂದು ಉಫ್ ಬಂದು ಆ ಕಾಳೊಂದನ್ನೇ ಹೊರಕ್ಕೆ ಹಾರಿಸುತ್ತಿತ್ತು. ನಾನು, ಈ ಗಾಳಿ ತಪ್ಪಿ ನಮ್ಮ ಕಣ್ಣಿಗೆ ಬಡಿದರೆ ಏನು ಗತಿ ಎಂದು ಎರಡು ಹೆಜ್ಜೆ ಹಿಂದೆ ನಿಂತೆ. ಅತ್ತೆ ಎರಡು ಹೆಜ್ಜೆ ಮುಂದೆ ಹೋದಳು. ಬಹಳ ಹೊತ್ತು ನೋಡಿದಳು.

"ಇದಕ್ಕ ವಯಸ್ಸೆಷ್ಟು?"

"ಹೋದ ವರ್ಷ ಬಂದೈತ್ರಿ ಅಮ್ಮಾರ."

"ಹಂಗಾರ ಇನ್ನೂ ಕನ್ನಡಕ ಬಂದಿಲ್ಲ, ಬಿಡು" ಅಂದಳು. ಆ ಮಾತಿಗೆ ವೀರೇಶ ನಕ್ಕ, ನಾನೂ ನಕ್ಕೆ. ಅತ್ತೆ ನಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ, ಬಳ್ಳಾರಿ ಬರುವ ತನಕ, ಕಿಟಕಿಯಾಚೆಯ ಗದ್ದೆಗಳನ್ನೇ ನೋಡುತ್ತಿದ್ದಳು. ಮರುದಿನ ಮೊರ ಗೋಡೆಯ ಮೊಳೆಗೆ ಏರಿತು.

ಕೆಲಸವಿಲ್ಲದ ಅತ್ತೆ ಮನೆಯಲ್ಲಿರುವುದು ಎಂಥ ವಿಪತ್ತು ಎಂಬುದು ಅನುಭವಿಸಿದವರಿಗೇ ಗೊತ್ತು. ಅಕ್ಕಿ ಇಲ್ಲದ ಮೇಲೆ ಅವಳು ಬೇರೆಲ್ಲವನ್ನೂ ಆರಿಸತೊಡಗಿದಳು. ಸಾಸಿವೆ ಆರಿಸಿದಳು. ನನ್ನ ಹಳೆಯ ಅಂಗಿಗಳನ್ನು ಆರಿಸಿ, ನನಗೆ ಬಹಳ ಇಷ್ಟವಾದ ಎರಡನ್ನು ಒರೆಸುವ ಬಟ್ಟೆ ಮಾಡಿದಳು. ಕೊನೆಗೆ ನನ್ನ ಗೆಳೆಯರನ್ನೂ ಆರಿಸಲು ಶುರುಮಾಡಿದಾಗ ನನ್ನ ಹೆಂಡತಿ, "ಈ ಒಂದು ಕೆಲಸ ಮಾತ್ರ ನಿಲ್ಲಿಸಬ್ಯಾಡ್ರಿ ಅತ್ತಿ" ಅಂದಳು.

ಆ ಹೊತ್ತಿಗೆ ನಮ್ಮನ್ನು ಕಾಪಾಡಿದವಳು ಹುಲಿಗೆಮ್ಮ. ನಮ್ಮ ಮನೆಯ ಪಾತ್ರೆ, ಕಸ ಎಲ್ಲ ಅವಳದೇ. ಮಗಳು ರೇಣುಕಾ ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಒಂದು ದಿನ ನ್ಯಾಯಬೆಲೆ ಅಂಗಡಿಯಿಂದ ನೇರ ಕೆಲಸಕ್ಕೆ ಬಂದ ಹುಲಿಗೆಮ್ಮ ರೇಷನ್ ಅಕ್ಕಿಯ ಚೀಲವನ್ನು ನಮ್ಮ ಪಡಸಾಲೆಯಲ್ಲಿ ಇಟ್ಟು ಒಳಗೆ ಹೋದಳು. ಹೊರಗೆ ಬರುವಷ್ಟರಲ್ಲಿ ಮೊರ ಮೊಳೆಯಿಂದ ಇಳಿದಿತ್ತು.

"ಅಯ್ಯ ಅಮ್ಮಾರ, ನೀವ್ಯಾಕ ನಮ್ಮ ಅಕ್ಕಿ ಆರಸಾಕತ್ತೀರಿ? ನಿಮ್ಮ ಮಡಿ?"

"ಹಸಿ ಅಕ್ಕಿಗೆ ಎಂಥಾ ಮಡಿ? ಬೇಯಿಸಿದ ಮ್ಯಾಲೆ ಅದು. ಸುಮ್ನಿರು, ಕಲ್ಲು ಅವ ಇದರಾಗ!" ಅತ್ತೆಯ ದನಿಯಲ್ಲಿ ಎಂಥ ಸಂತೋಷ! ಕಳೆದುಹೋದ ನೆಂಟರು ಸಿಕ್ಕಂತೆ!

ಅಂದಿನಿಂದ ಹುಲಿಗೆಮ್ಮನ ಅಕ್ಕಿಯೆಲ್ಲ ಅತ್ತೆಯ ಮೊರದ ಮೇಲೆ ಹಾಯ್ದೇ ಅವಳ ಮನೆ ಸೇರುತ್ತಿತ್ತು. ಎಲ್ಲ ಸುಖವಾಗಿತ್ತು. ಅಷ್ಟರಲ್ಲಿ ಅತ್ತೆಯ ಕಣ್ಣಿಗೆ ಅದು ಬಿತ್ತು.

ಆ ಅಕ್ಕಿಯ ನಡುವೆ ಅಲ್ಲೊಂದು ಇಲ್ಲೊಂದು ಬೇರೆ ಥರದ ಕಾಳು. ಅಕ್ಕಿಯ ಹಾಗೇ ಇತ್ತು, ಆದರೆ ಅಕ್ಕಿಯ ವೇಷ ಹಾಕಿದ ಹಾಗೆ. ಕೊಂಚ ಹಳದಿ, ಎಲ್ಲವೂ ಒಂದೇ ಅಳತೆ. ನೀರಿಗೆ ಹಾಕಿದರೆ ಕೆಲವು ತೇಲಿದವು. ಅತ್ತೆ ನನ್ನನ್ನು ಕರೆದು ಅಂಗೈ ಚಾಚಿದಳು. ಪ್ಲಾಸ್ಟಿಕ್ ಅಕ್ಕಿ! ಆ ಬಗ್ಗೆ ನನ್ನ ಫೋನಿಗೆ ಬಂದ ವಿಡಿಯೋಗಳನ್ನೆಲ್ಲ ನಾನು ಭಕ್ತಿಯಿಂದ ನೋಡಿದ್ದೆ. ಅನ್ನದ ಉಂಡೆ ಮಾಡಿ ನೆಲಕ್ಕೆ ಹೊಡೆದರೆ ಚೆಂಡಿನ ಹಾಗೆ ಪುಟಿಯುತ್ತದೆ ಎಂದು ಅದರಲ್ಲಿ ಹೇಳಿದ್ದರು. ಹುಲಿಗೆಮ್ಮನ ಮನೆಯಿಂದ ಅನ್ನ ತರಿಸಿ, ಉಂಡೆ ಕಟ್ಟಿ, ಪಡಸಾಲೆಯ ನೆಲದ ಬಂಡೆಗೆ ಹೊಡೆದೆ. ಪುಟಿಯಿತು! ಉಂಡೆಗಿಂತ ಎತ್ತರ ನಾನು ಪುಟಿದೆ.

ಆಮೇಲೆ ಕೇಳಬೇಕೇ? ನಮ್ಮ ಓಣಿಗೆಲ್ಲ ಸುದ್ದಿ. ರೇಷನ್ ಅಕ್ಕಿ ತರುವ ಹೆಂಗಸರೆಲ್ಲ ಚೀಲ ಹಿಡಿದು ಬಂದರು. ಅತ್ತೆ ಒಬ್ಬೊಬ್ಬರದೇ ಮೊರಕ್ಕೆ ಹಾಕಿಸಿ ಆ ಕಾಳುಗಳನ್ನು ಹೆಕ್ಕಿ ತೆಗೆದಳು, ಉಳಿದವರಿಗೆ ಹೆಕ್ಕುವುದನ್ನು ಕಲಿಸಿದಳು. ಹೆಕ್ಕಿದ್ದನ್ನೆಲ್ಲ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟಳು, ಎಂದಾದರೂ ಯಾರಾದರೂ ಅಧಿಕಾರಿ ಬಂದರೆ ಮುಖಕ್ಕೆ ಹಿಡಿಯಲು. "ಮಷೀನು ಮಷೀನು ಅಂತೀರಲ್ಲ, ಎಲ್ಲಿ ಹೋಗಿತ್ತು ನಿಮ್ಮ ಮಷೀನಿನ ಕಣ್ಣು?" ಎಂದು ದಿನಕ್ಕೊಮ್ಮೆ ನನ್ನನ್ನು ಕೇಳುವಳು. ಅವಳ ನಡಿಗೆಯೇ ಬದಲಾಗಿತ್ತು. ರೇಣುಕಾಳ ಅಕ್ಕಿಯನ್ನಂತೂ ಎರಡೆರಡು ಸಲ ಆರಿಸುತ್ತಿದ್ದಳು. "ಬಸುರಿ ಹುಡುಗಿ. ಒಂದು ಕಾಳೂ ಹೊಟ್ಟಿಗೆ ಹೋಗಬಾರದು."

ನನಗೆ ನಿದ್ದೆ ಬರದಾಯಿತು. ಇಡೀ ತಾಲ್ಲೂಕು ಪ್ಲಾಸ್ಟಿಕ್ ತಿನ್ನುತ್ತಿದೆ, ನಾನು ಸುಮ್ಮನಿದ್ದೇನೆ! ಡಬ್ಬಿಯಿಂದ ಒಂದಿಷ್ಟು ಕಾಳನ್ನು ಕಾಗದದಲ್ಲಿ ಕಟ್ಟಿಕೊಂಡು ಮತ್ತೆ ಸಿರುಗುಪ್ಪದ ಬಸ್ಸು ಹತ್ತಿದೆ. ವೀರೇಶನ ಮುಂದೆ ಪೊಟ್ಟಣ ಬಿಚ್ಚಿ, ಅಕ್ಕಪಕ್ಕ ಯಾರಿಲ್ಲವೆಂದು ನೋಡಿ, ಮೆಲ್ಲನೆ ಹೇಳಿದೆ: "ಪ್ಲಾಸ್ಟಿಕ್."

ವೀರೇಶ ಕಾಳನ್ನು ನೋಡಿದ, ನನ್ನನ್ನು ನೋಡಿದ, ಹೊಟ್ಟೆ ಹಿಡಿದುಕೊಂಡು ಕೂತ.

"ಲೇ ದೋಸ್ತ! ಇದು ನಾವ ಹಾಕಿದ್ದಲೇ!"

ಮೂಲೆಯಲ್ಲಿ ಪೇರಿಸಿದ್ದ ಚೀಲಗಳ ಹತ್ತಿರ ನನ್ನನ್ನು ಎಳೆದುಕೊಂಡು ಹೋದ. ಅದೇ ಕಾಳು, ಚೀಲಗಟ್ಟಲೆ! "ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ವಿಟಮಿನ್ನು ಕಲಸಿ, ಶಾವಿಗಿ ಒತ್ತಿದಂಗ ಒತ್ತಿ, ಅಕ್ಕಿ ಅಳತಿಗೆ ಕತ್ತರಿಸ್ತಾರ. ಸಾರವರ್ಧಿತ ಅಂತಾರ. ರೇಷನ್ ಅಕ್ಕೀಗೆ, ಸಾಲಿ ಮಕ್ಕಳ ಊಟದ ಅಕ್ಕೀಗೆ ನೂರಕ್ಕ ಒಂದರಂಗ ಕೂಡಸೋದು. ಕೂಡಸಾಕಂತನ ಬ್ಯಾರೆ ಮಷೀನು ಐತಿ. ರಕ್ತ ಕಡಿಮಿ ಇದ್ದೋರಿಗೆ ಆಗಲಿ ಅಂತ."

"ಮತ್ತೆ ಉಂಡೆ ಪುಟಿಯಿತಲ್ಲೋ?"

"ನಿಮ್ಮನಿ ಅನ್ನಾನೂ ಉಂಡಿ ಮಾಡಿ ಒಗದು ನೋಡಲೇ."

ನೋಡಿದೆ. ಪುಟಿದು ಫ್ರಿಜ್ಜಿನ ಕೆಳಗೆ ಹೋಯಿತು.

ವಿಷಯ ಇಷ್ಟೇ ಆಗಿದ್ದರೆ ನಾನೂ ವೀರೇಶನ ಹಾಗೆ ನಗುತ್ತಿದ್ದೆ. ಆದರೆ ಹುಲಿಗೆಮ್ಮ ಅದೇ ವಾರ ಅತ್ತೆಯ ಮುಂದೆ ಹೇಳಿದ್ದಳು: ರೇಣುಕಾಳಿಗೆ ರಕ್ತ ಕಡಿಮೆ ಇದೆಯಂತೆ, ಆಸ್ಪತ್ರೆಯಲ್ಲಿ ಗುಳಿಗೆ ಕೊಟ್ಟಿದ್ದಾರಂತೆ. ಅತ್ತೆ ಅದನ್ನು ಕೇಳಿ, ಹಾಳು ಪ್ಲಾಸ್ಟಿಕ್ಕಿನದೇ ಕೆಲಸ ಎಂದು ಇನ್ನೂ ಹುರುಪಿನಿಂದ ಹೆಕ್ಕುತ್ತಿದ್ದಳು! ರಕ್ತವಿಲ್ಲದ ಹುಡುಗಿಯ ಅಕ್ಕಿಯಿಂದ ರಕ್ತದ ಕಾಳನ್ನೇ, ಎರಡೆರಡು ಸಲ, ಕನ್ನಡಕ ಹಾಕಿಕೊಂಡು!

ಹೇಳುವುದು ಹೇಗೆ? ಎರಡು ದಿನ ಅಭ್ಯಾಸ ಮಾಡಿದೆ. ನನ್ನ ಹೆಂಡತಿ, "ನೀವು ಹೇಳೋದರಾಗ ಆ ಹುಡುಗಿ ಹಡೀತಾಳ" ಅಂದ ಮೇಲೆ ಅತ್ತೆಯ ಮುಂದೆ ಹೋಗಿ ನಿಂತೆ. ಮೊರದಲ್ಲಿ ಹುಲಿಗೆಮ್ಮನದೇ ಅಕ್ಕಿ ಇತ್ತು.

"ಅತ್ತಿ, ಅದು ಪ್ಲಾಸ್ಟಿಕ್ ಅಲ್ಲಂತ."

"ಮತ್ತೇನಂತ?"

"ಕಬ್ಬಿಣ."

"ಪ್ಲಾಸ್ಟಿಕ್ಕಿಗಿಂತ ಕಬ್ಬಿಣ ಚಲೋ ಏನು? ನಾಳೆ ಜಲ್ಲಿ ಹಾಕ್ತಾರ. ನಿನ್ನ ಹಲ್ಲಿನ ಸಿಮೆಂಟಿಗೆ ಕೂಡ್ತದ."

"ಹಂಗಲ್ಲ ಅತ್ತಿ. ರಕ್ತ ಆಗ್ಲಿ ಅಂತ ಬೇಕಂತಲೇ ಹಾಕಿರ್ತಾರಂತ. ಅಕ್ಕಿ ಹಿಟ್ಟಿನಾಗ ಔಷಧ ಕಲಸಿದಂಗ."

ಅತ್ತೆಯ ಬೆರಳು ಅಕ್ಕಿಯ ಮೇಲೆ ನಿಂತಿತು. ಅವಳಿಗೆ ಒಂದು ವಿಷಯವನ್ನು ಎರಡು ಸಲ ಹೇಳಬೇಕಾಗಿಲ್ಲ. ಅದೇ ಅವಳ ತೊಂದರೆ. ಒಳಗೆ ಹುಲಿಗೆಮ್ಮ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು. ಅತ್ತೆ ಬಹಳ ಸಣ್ಣ ದನಿಯಲ್ಲಿ, "ಆ ಹುಡುಗೀಗೆ ರಕ್ತ ಕಡಿಮಿ ಅಂದಿದ್ಲಲ್ಲೋ" ಅಂದಳು.

ಅಂದೇ ಅವಳು ಹುಲಿಗೆಮ್ಮನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಹುಲಿಗೆಮ್ಮ ಗಟ್ಟಿಗಿತ್ತಿ. "ಅಯ್ಯ, ಬಿಡ್ರಿ ಅಮ್ಮಾರ! ನೀವು ಹೇಳದಿದ್ರೂ ನಾವು ಅದನ್ನ ತಗದ ಒಗೀತಿದ್ವಿ. ನಮ್ಮೋಣ್ಯಾಗ ಎಲ್ಲಾರೂ ಕೋಳಿಗೆ ಹಾಕ್ತಾರ. ನಮ್ಮ ಕೋಳಿ ನೋಡ್ರಿ ಹೆಂಗ ಅದಾವು!" ಆಶಾ ಕಾರ್ಯಕರ್ತೆಯನ್ನು ಕೇಳಿದೆವು. ಅವರೂ ಧೈರ್ಯ ಹೇಳಿದರು: ಅಕ್ಕಿಯಿಂದ ಆಗುವುದು ಅಷ್ಟಿಷ್ಟು, ಗುಳಿಗೆ ತಪ್ಪಿಸದಿದ್ದರೆ ಸಾಕು, ರೇಣುಕಾ ತಪ್ಪಿಸುತ್ತಿಲ್ಲ, ರಕ್ತ ಏರುತ್ತಿದೆ. ಡಬ್ಬಿಯಲ್ಲಿದ್ದ ಕಾಳನ್ನು ಈಗ ಕೊಡಬಹುದೇ ಎಂದು ಅತ್ತೆ ವೀರೇಶನಿಗೆ ಫೋನ್ ಮಾಡಿಸಿದಳು. "ಬ್ಯಾಡ್ರಿ ಅಮ್ಮಾರ, ಕೈಲೆ ಕೂಡಸಿದ್ರ ಹೆಚ್ಚುಕಡಿಮಿ ಆಗ್ತೈತಿ. ಹೊಸ ಅಕ್ಕಿ ಬಂದಾಗ ಅದನ್ನ ಮುಟ್ಟದ ಬಿಟ್ರ ಸಾಕು" ಅಂದ ಅವನು.

ಮುಟ್ಟದೆ ಬಿಟ್ಟರೆ ಸಾಕು. ಆ ಮಾತು ಅತ್ತೆಗೆ ಎಲ್ಲಿ ನಾಟಿತೋ! ಡಬ್ಬಿ ಖಾಲಿ ಮಾಡಿ ತೊಳೆದು ಬೋರಲು ಹಾಕಿದಳು. ಓಣಿಯ ಮನೆಮನೆಗೆ ಹೋಗಿ, ಆ ಕಾಳು ತೆಗೆಯಬೇಡಿ, ನಾನು ಹೇಳಿದ್ದು ತಪ್ಪು ಎಂದು ಹೇಳಿ ಬಂದಳು. ಆಮೇಲೆ ಮೊರವನ್ನು ಮೊಳೆಗೆ ಹಾಕಿದಳು, ಈ ಸಲ ಮುಖ ಗೋಡೆಯ ಕಡೆಗೆ ಮಾಡಿ. ಹಾಲಿನ ತಟ್ಟೆ ಓರೆ ಮಾಡುವುದು ನಿಂತಿತು. ಮೆಂತ್ಯದ ಸೊಪ್ಪು ಬಿಡಿಸಿ ಕೊಡಿ ಅಂದರೆ, "ನೀನೇ ನೋಡವಾ. ನನ್ನ ಕಣ್ಣು ಯಾವುದು ಇಡಬೇಕೋ ಅದನ್ನೇ ತಗೀತಾವ" ಎಂದು ನನ್ನ ಹೆಂಡತಿಗೇ ಬಿಟ್ಟಳು. ಖಾರದಂಗಡಿಯವನು ನೀರಿನ ಲೋಟ ತುಂಬಿಸಿಟ್ಟು, ಅವಳು ಅತ್ತ ನೋಡದೆ ಖಾರ ಕಟ್ಟಿಸಿಕೊಂಡದ್ದನ್ನು ಕಂಡು, "ಸಾರ್, ಅಮ್ಮಾರಿಗೆ ಆರಾಮಿಲ್ಲೇನ್ರಿ?" ಎಂದು ನನ್ನನ್ನು ಕೇಳಿದ. ನಿಜ ಹೇಳುತ್ತೇನೆ, ನಾನು ಅಷ್ಟೊಂದು ವಿಷಯಗಳಿಗೆ ಹೆದರಿದವನು, ಅತ್ತೆ ಎಲ್ಲವನ್ನೂ ನಂಬಿಬಿಡಬಹುದು ಎಂದು ಮಾತ್ರ ಎಂದೂ ಹೆದರಿರಲಿಲ್ಲ. ಅವಳು ಹಾಗೇ ಒಂದು ಮೂಲೆಯಲ್ಲಿ ಕೂತು ಮುಗಿದುಹೋಗುತ್ತಾಳೇನೋ ಅನ್ನಿಸಿತು.

ಒಂದು ದಿನ ತಾನೇ ಬಂದು ಹೇಳಿದಳು: "ರೇಣುಕಾಗ ಬಯಕಿ ಊಟ ಹಾಕಬೇಕು. ನಮ್ಮ ಮನ್ಯಾಗ, ನಾನೇ ಮಾಡ್ತೀನಿ. ಅನ್ನ ಮಾತ್ರ ಅವರ ಅಕ್ಕೀದೇ."

ಮಡಿಯುಟ್ಟು ಒಲೆಯ ಮುಂದೆ ಹೋಗುವ ಅತ್ತೆ, ರೇಷನ್ ಅಕ್ಕಿಯಿಂದ, ಹುಲಿಗೆಮ್ಮನ ಮಗಳಿಗೆ, ನಮ್ಮ ಪಡಸಾಲೆಯಲ್ಲಿ ಎಲೆ ಹಾಕಿ! ಚಿಂತೆ ಮಾಡಲು ಇದಕ್ಕಿಂತ ಫಲವತ್ತಾದ ಸಂದರ್ಭ ಉಂಟೇ? ಅದೇ ನಾನು ಮೊದಲು ಹೇಳಿದ ಭಾನುವಾರ.

ಸಿಲಿಂಡರ್ ಮುಗಿಯಲಿಲ್ಲ. ರೈಲು ಅಡ್ಡ ಬರಲಿಲ್ಲ. ಹುಲಿಗೆಮ್ಮ ಹೊಸ ಸೀರೆಯಲ್ಲಿ, ರೇಣುಕಾ ಹಸಿರು ಬಳೆಗಳಲ್ಲಿ, ಹೇಳಿದ ಹೊತ್ತಿಗೇ ಬಂದರು. ಹೂರಣ ಗಟ್ಟಿಯಾಗಿತ್ತು. ಮೊಸರು ಮೊಸರೇ ಆಗಿತ್ತು. ಅಡುಗೆಮನೆಯಲ್ಲಿ ನಡೆದದ್ದನ್ನು ನನ್ನ ಹೆಂಡತಿ ಪಿಸುದನಿಯಲ್ಲಿ ನನಗೆ ಹೇಳಿದ್ದಳು: ಅತ್ತೆ ಅಕ್ಕಿಯನ್ನು ಚೀಲದಿಂದ ನೇರ ಪಾತ್ರೆಗೆ ಅಳೆದು ಹಾಕಿ, ಕಣ್ಣು ಬೇರೆ ಕಡೆಗೆ ಮಾಡಿ ತೊಳೆದು, ಒಲೆಗೆ ಇಟ್ಟಿದ್ದಳು. ಜೀವಮಾನದಲ್ಲಿ ಮೊದಲ ಸಲ, ಕಲ್ಲಿರಬಹುದೆಂದು ಗೊತ್ತಿದ್ದೂ ಆರಿಸದ ಅಕ್ಕಿ!

ನಾನೂ ಅವರ ಜೊತೆಯಲ್ಲೇ ಕೂತೆ. ಅತ್ತೆ ರೇಣುಕಾಳ ಎಲೆಯ ಮುಂದೆ ನಿಂತು, ಅವಳು ಉಣ್ಣುವುದನ್ನು ತುತ್ತು ತುತ್ತಿಗೂ ನೋಡುತ್ತಿದ್ದಳು. "ಸಾವಕಾಶ ಉಣ್ಣವಾ. ಇನ್ನೊಂದಿಷ್ಟು ಅನ್ನ ಹಾಕ್ಲಿ? ಇದರಾಗ ಎಲ್ಲಾ ಅದ. ನಾ ಏನೂ ತಗದಿಲ್ಲ."

"ಹಾಕ್ರಿ ಅಮ್ಮಾರ" ಅಂದಳು ರೇಣುಕಾ, ನಾಚಿಕೊಂಡು.

ಆಗ, ನನ್ನ ಬಾಯಲ್ಲಿ, ಕಟಕ್!

ನಾನೊಬ್ಬನೇ ಕೇಳಿಸಿಕೊಂಡಿದ್ದರೆ ನುಂಗಿಬಿಡುತ್ತಿದ್ದೆ. ಆದರೆ ಅದು ಪಡಸಾಲೆಗೆಲ್ಲ ಕೇಳಿಸಿತು. ಅತ್ತೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ನನ್ನ ಹೆಂಡತಿ, ಸುಮ್ಮನಿರಿ ಎಂದು ಕಣ್ಣಲ್ಲೇ ಗದರಿದಳು. ನಾನು ಹೇಳಲು ಬಾಯಿ ತೆರೆದದ್ದು "ಹಪ್ಪಳ" ಎಂದು. ಅಂದು ಹಪ್ಪಳ ಮಾಡಿರಲಿಲ್ಲ. ಅಷ್ಟರಲ್ಲಿ, ಯಾಕೋ ಗೊತ್ತಿಲ್ಲ, ಗೋಡೆಗೆ ಮುಖ ಮಾಡಿದ್ದ ಆ ಮೊರ ನನ್ನ ಕಣ್ಣಿಗೆ ಬಿತ್ತು. ಬಾಯಿಂದ ಅದನ್ನು ತೆಗೆದು ಎತ್ತಿ ಹಿಡಿದೆ.

"ಅತ್ತಿ, ಕಲ್ಲು!"

ಯಾರೂ ಇಷ್ಟು ಸಂತೋಷದಿಂದ ಕಲ್ಲು ಕಡಿದಿರಲಿಕ್ಕಿಲ್ಲ. ಅತ್ತೆ ಅಂಗೈ ಚಾಚಿದಳು. ಆ ಬಿಳಿಯ ಚೂರನ್ನು ಬಾಗಿಲ ಬೆಳಕಿಗೆ ಒಯ್ದು, ಕನ್ನಡಕ ಏರಿಸಿ, ತಿರುಗಿಸಿ ತಿರುಗಿಸಿ ನೋಡಿದಳು. ರಾರಾವಿಯದೋ ಸಂಗನಕಲ್ಲಿನದೋ ಹೇಳಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ, "ಹೌದು. ಕಲ್ಲೇ" ಅಂದಳು.

"ಮತ್ತ! ಮಷೀನಿಗೇನ್ ಗೊತ್ತಾಗ್ತೈತ್ರಿ ಅಮ್ಮಾರ?" ಹುಲಿಗೆಮ್ಮ ಕೂತಲ್ಲಿಂದಲೇ ಕೂಗಿದಳು. "ನೀವು ನೋಡದಿದ್ರ ಹಿಂಗ ನೋಡ್ರಿ! ನನ್ನ ಮಗಳ ಬಾಯಾಗ ಬಂದಿದ್ರ ಏನ್ರಿ ಗತಿ?"

ಊಟ ಮುಗಿದು, ಅಡಿಕೆ ಎಲೆ ಕೊಟ್ಟು, ರೇಣುಕಾಳ ಉಡಿ ತುಂಬಿದ ಮೇಲೆ ಅತ್ತೆ ಮೊರ ಇಳಿಸಿದಳು. ಉಳಿದ ಅಕ್ಕಿಯನ್ನು ಸುರಿದುಕೊಂಡು, ತಾಯಿ ಮಗಳನ್ನು ಎರಡು ಕಡೆ ಕೂರಿಸಿಕೊಂಡು ಪಾಠ ಶುರುಮಾಡಿದಳು. "ನೋಡ್ರಿ, ಈ ಹಳದಿ ಕಾಳು ಇರಲಿ. ಇದು ಔಷಧ. ಇದನ್ನ ಮುಟ್ಟಬ್ಯಾಡ್ರಿ. ಕಲ್ಲು ಅಷ್ಟೇ ತಗೀರಿ." ಬೆರಳು ಮೊದಲಿನ ಹಾಗೇ ಓಡುತ್ತಿತ್ತು, ಆ ಕಾಳುಗಳ ಹತ್ತಿರ ಬಂದಾಗ ಮಾತ್ರ, ಮಲಗಿದ ಮಗುವನ್ನು ದಾಟುವ ಹಾಗೆ, ಸುತ್ತು ಬಳಸಿ ಹೋಗುತ್ತಿತ್ತು. ನನ್ನ ಬಾಯಿಂದ ಬಂದದ್ದು ತೊಳೆದಿಟ್ಟ ಸ್ಟೀಲ್ ಡಬ್ಬಿಯ ಒಳಗೆ ಸೇರಿತ್ತು.

ನಾನು ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿದೆ. ನಾಲಿಗೆ ದವಡೆಯ ಮೇಲೆ ಸುಳಿದು, ಒಂದು ಕಡೆ ತಟ್ಟನೆ ಕೆಳಗಿಳಿಯಿತು. ಕನ್ನಡಿ ತಂದು ನೋಡಿದೆ. ಹಳ್ಳ! ಅಕ್ಕಿ ನಿರ್ದೋಷಿ, ಗಿರಣಿ ನಿರ್ದೋಷಿ, ಸರ್ಕಾರ ನಿರ್ದೋಷಿ. ಹೋದದ್ದು ನನ್ನ ಹಲ್ಲಿನ ಸಿಮೆಂಟು. ಅದೊಂದರ ಬಗ್ಗೆ ಮಾತ್ರ ನಾನು ಶನಿವಾರ ಚಿಂತೆ ಮಾಡಿರಲಿಲ್ಲ ನೋಡಿ!

ಪಡಸಾಲೆಗೆ ಬಂದು ಕಂಬದ ಹತ್ತಿರ ನಿಂತೆ. ಅತ್ತೆ ಏನೋ ಹೇಳಿ ಹುಲಿಗೆಮ್ಮನನ್ನು ನಗಿಸುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡೆ. ಹೆಂಡತಿಗೂ ಹೇಳಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಎಲ್ಲರ ತಟ್ಟೆಯಲ್ಲಿ ಮಧ್ಯಾಹ್ನದ ಹೋಳಿಗೆ ಇತ್ತು. ನನ್ನ ತಟ್ಟೆಯಲ್ಲಿ ಮಾತ್ರ ಹಾಲು ಹಾಕಿ ಮೆತ್ತಗೆ ಕಲಸಿದ ಅನ್ನ. ತಟ್ಟೆಯ ಅಂಚಿನಲ್ಲಿ ಎರಡು ಲವಂಗ. ತಲೆ ಎತ್ತಿ ನೋಡಿದೆ. ಅತ್ತೆ ನನ್ನ ಕಡೆ ನೋಡಲಿಲ್ಲ. ನಾಳೆಯ ಹಾಲಿನ ತಟ್ಟೆಯನ್ನು ಸೆರಗಿನಿಂದ ಒರೆಸುತ್ತ ಅಂದಳು:

"ಎಡಗಡೆ ಅಗೀಬ್ಯಾಡ."